ಚರಂಡಿ ನೀರು ಹಿಡಿದ ದೇವಕಿ ಅತ್ತೆ

"ಏ ವಸುಮತಿ, ಅಲ್ಲಿ ನೋಡು. ಆ ಹೆಂಗಸು ಚರಂಡಿಯಲ್ಲಿ ಎಂತ ಮಾಡುದು?" ಎಂದಳು ವಾರಿಜಾಕ್ಷಿ.

ಶಾಲೆ ಬಿಟ್ಟು ಪುತ್ತೂರು ಪೇಟೆಯ ದಾರಿಯಲ್ಲಿ ಬರುತ್ತಿದ್ದ ಹುಡುಗಿಯರೆಲ್ಲ ನಿಂತರು. ವಸುಮತಿಯೂ ನೋಡಿದಳು.

ಹೋಟೆಲಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದವರು ದೇವಕಿ ಅತ್ತೆ. ಅಪ್ಪನ ತಂಗಿ. ಬಾಂಬೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ೧೯೬೪ರ ಆ ಡಿಸೆಂಬರಿನಲ್ಲಿ ರಜೆಗೆ ಬಂದಿದ್ದರು. "ನಮ್ಮತ್ತೆ ಸೈಂಟಿಸ್ಟ್, ವಿಮಾನದಲ್ಲಿ ಫಾರಿನ್‌ಗೆ ಹೋಗಿದ್ದಾರೆ" ಎಂದು ವಸುಮತಿ ಕ್ಲಾಸಿನಲ್ಲಿ ಹೇಳಿದ್ದೇ ಹೇಳಿದ್ದು. ಅದೇ ಅತ್ತೆ ಈಗ ಸೀರೆ ಎತ್ತಿ ಸಿಕ್ಕಿಸಿ, ಚರಂಡಿಯ ಕಪ್ಪು ನೀರನ್ನು ಬಾಟ್ಲಿಗೆ ತುಂಬಿಸುತ್ತಿದ್ದರು.

"ಯಾರು ಮಾರಾಯ್ತಿ ಅದು? ನಿನಗೆ ಗೊತ್ತುಂಟಾ?"

"ಇಲ್ಲ," ಎಂದಳು ವಸುಮತಿ. "ನನಗೆ ಗೊತ್ತಿಲ್ಲ."

ಅತ್ತೆ ಅಷ್ಟರಲ್ಲಿ ತಲೆ ಎತ್ತಿದ್ದರು. ಮಾತು ಅವರಿಗೆ ಕೇಳಿಸಿತ್ತು. ನಗಲು ಹೊರಟ ಮುಖ ಹಾಗೆಯೇ ನಿಂತಿತು. ಬಾಟ್ಲಿಗೆ ಬಿರಡೆ ಒತ್ತಿ, ಯಾರನ್ನೂ ನೋಡದೆ ಅವರು ಬೇರೆ ದಾರಿಯಲ್ಲಿ ನಡೆದುಬಿಟ್ಟರು.

ಮನೆಯಲ್ಲಿ ಅಜ್ಜಿಯೂ ಬಾಗಿಲಲ್ಲೇ ತಡೆದರು. "ಆ ಹೊಲಸು ಒಳಗೆ ಬೇಡ ದೇವಕಿ. ದೇವರ ಕೋಣೆ ಇರುವ ಮನೆ ಇದು."

"ಜಗಲಿಯಲ್ಲೇ ಇಡ್ತೇನೆ, ಅಮ್ಮ."

ಅತ್ತೆ ಬೈಯುತ್ತಾರೆಂದು ವಸುಮತಿ ಕಾದಳು. ಅವರು ಬೈಯಲೇ ಇಲ್ಲ. "ಬಾ ವಸು," ಎಂದು ಕರೆದು, ಬಾಂಬೆಯಿಂದ ತಂದಿದ್ದ, ಮುಚ್ಚಳವಿದ್ದ ಗಾಜಿನ ತಟ್ಟೆ ತೋರಿಸಿದರು. ಒಳಗೆ ಜೆಲ್ಲಿಯಂಥದ್ದು ಹೆಪ್ಪುಗಟ್ಟಿತ್ತು.

"ಇದರ ಮೇಲೆ ಬ್ಯಾಕ್ಟೀರಿಯಾ ಹಚ್ಚಿದ್ದೇನೆ. ನಿನ್ನ ಹೊಟ್ಟೆಯಲ್ಲಿಯೂ ಇಂಥವು ಕೋಟಿಗಟ್ಟಲೆ ಉಂಟು."

"ನನ್ನ ಹೊಟ್ಟೆಯಲ್ಲಾ?" ವಸುಮತಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.

"ಹೆದರಬೇಡ. ಹೆಚ್ಚಿನವು ಪಾಪದವು, ಎಂತ ತೊಂದರೆಯೂ ಮಾಡುದಿಲ್ಲ."

ಚರಂಡಿ ನೀರಿನಲ್ಲಿದ್ದ ಬ್ಯಾಕ್ಟೀರಿಯಾಗಳು ಸಾಯಲೆಂದು ಯಾವುದೋ ಔಷಧಿ ಬೆರೆಸಿಟ್ಟು, ಆಮೇಲೆ ಮೇಲಿನ ತಿಳಿಯಿಂದ ಒಂದು ಹನಿಯನ್ನು ಅತ್ತೆ ತಟ್ಟೆಯ ನಡುವೆ ಬಿಟ್ಟರು.

ಮರುದಿನ ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಹಾಲಿನ ಕೆನೆಯಂತೆ ಬಿಳಿ ಹರಡಿತ್ತು. ಹನಿ ಬಿದ್ದ ಜಾಗ ಮಾತ್ರ ದುಂಡಗೆ, ಕನ್ನಡಿಯಷ್ಟು ತಿಳಿಯಾಗಿತ್ತು.

"ಇಲ್ಲಿದ್ದವು ಎಲ್ಲಿ ಹೋದವು?"

"ಸತ್ತವು. ಔಷಧಿಯಿಂದ ಅಲ್ಲ, ಆ ನೀರಿನಲ್ಲಿ ಒಂದು ವೈರಸ್ ಉಂಟು. ಅದು ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಒಳಗೆ ಕಳಿಸ್ತದೆ. ಗುಣವೆಲ್ಲ ಇರುದು ಅದರಲ್ಲೇ. ಒಳಗೇ ನೂರಾರು ಮರಿಗಳಾಗಿ, ಒಡೆದುಕೊಂಡು ಹೊರಗೆ ಬರ್ತವೆ."

ವಸುಮತಿಯ ಬಾಯಿ ತೆರೆದೇ ಇತ್ತು. ಹೊಲಸು ನೀರಿನ ಒಂದು ಹನಿಯೊಳಗೆ ಅಷ್ಟು ದೊಡ್ಡ ಯುದ್ಧ.

"ಅಪ್ಪ ಅಮ್ಮನ ಗುಣ ಮಕ್ಕಳಿಗೆ ಹೇಗೆ ಹೋಗ್ತದೆ, ಅದರ ಗುಟ್ಟು ಇಷ್ಟು ಸಣ್ಣದರಲ್ಲಿ ಹುಡುಕುದು ಸುಲಭ," ಎಂದರು ಅತ್ತೆ. "ನಾನು ಕಾಲೇಜು ಮುಗಿಸಿದಂದಿನಿಂದ ಮಾಡುದು ಅದೇ ಕೆಲಸ. ನನಗೆ ಮೊದಲು ಸಿಕ್ಕಿದ ವೈರಸ್ಸನ್ನು ಈಗ ಬೇರೆ ದೇಶದ ಲ್ಯಾಬ್‌ನವರೂ ಬೆಳೆಸಿ ನೋಡ್ತಾರೆ."

"ಅದು ಎಲ್ಲಿ ಸಿಕ್ಕಿದ್ದು?"

"ಬಾಂಬೆಯ ಒಂದು ಮೋರಿಯಲ್ಲಿ. ಅಲ್ಲಿ ಒಬ್ಬರು ನನ್ನನ್ನು ಹುಚ್ಚಿ ಅಂತ ತಿಳಿದು ಬಾಳೆಹಣ್ಣು ಕೊಟ್ಟು ಹೋದರು."

ವಸುಮತಿ ನಕ್ಕಳು. ಅತ್ತೆಯೂ ನಕ್ಕರು. ಆಮೇಲೆ ತಟ್ಟೆ ಮುಚ್ಚುತ್ತಾ ಹೇಳಿದರು, "ಸಂಜೆ ನಿಮ್ಮ ಶಾಲೆಯ ಹತ್ತಿರದ ಚರಂಡಿಯಿಂದಲೂ ಸ್ವಲ್ಪ ನೀರು ಬೇಕು. ನೀವೆಲ್ಲ ಮನೆಗೆ ಹೋದ ಮೇಲೆ ಹೋಗ್ತೇನೆ. ನಿನಗೆ ತೊಂದರೆ ಆಗುದು ಬೇಡ."

ವಸುಮತಿಯ ನಗು ನಿಂತಿತು. ಫಾರಿನ್‌ಗೆ ಹೋಗಿ ಬಂದ ಅತ್ತೆ ತನ್ನಿಂದಾಗಿ ಅಡಗಿಕೊಂಡು ಹೋಗುತ್ತಾರೆಯೇ? ಏನೋ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಶಾಲೆಗೆ ಹೊತ್ತಾಯಿತು.

ಸಂಜೆ ಲಾಂಗ್ ಬೆಲ್ ಆಯಿತು. ಗೇಟಿನಿಂದ ದೂರ, ಗೋಳಿಮರದ ಮರೆಯಲ್ಲಿ ಅತ್ತೆ ಚೀಲ ಹಿಡಿದು ನಿಂತಿದ್ದರು. ಮಕ್ಕಳು ಖಾಲಿಯಾಗಲೆಂದು ಕಾಯುತ್ತಿದ್ದರು.

ವಸುಮತಿ ಓಡಿಹೋಗಿ ಚೀಲಕ್ಕೆ ಕೈ ಹಾಕಿದಳು. "ಬಾಟ್ಲಿ ಕೊಡಿ, ಅತ್ತೆ. ಈಗಲೇ ಹೋಗುವ."

"ನಿನ್ನ ಫ್ರೆಂಡ್ಸ್ ಎಲ್ಲ ಇದ್ದಾರಲ್ಲ?"

"ಇರಲಿ."

ಚರಂಡಿ ಗಬ್ಬೆಂದು ನಾರುತ್ತಿತ್ತು. ವಸುಮತಿ ಉಸಿರು ಬಿಗಿಹಿಡಿದು ಕೂತು, ಬಾಟ್ಲಿಯನ್ನು ನೀರಿಗೆ ಇಳಿಸಿದಳು. ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ಏಳಲಿಲ್ಲ.

ವಾರಿಜಾಕ್ಷಿ ಮೂಗು ಮುಚ್ಚಿಕೊಂಡು ಹತ್ತಿರ ಬಂದಳು. "ಏ, ಎಂತದು ಇದು?"

"ನೀನೂ ಕೂತ್ಕೊ, ಹೇಳ್ತೇನೆ," ಎಂದು ವಸುಮತಿ ಸ್ವಲ್ಪ ಆಚೆ ಸರಿದಳು. "ಇವರು ನಮ್ಮತ್ತೆ."