ಬೀಳದ ಹಳ್ಳ

"ಕಂಪ್ಯೂಟರಿನಲ್ಲೇ ರಸ್ತೆ ಸವೆಸೋರು ನೀವೇನಾ?"

ಮೊದಲ ಭೇಟಿಯಲ್ಲೇ ಅವನು ಕೇಳಿದ ಮಾತಿದು. ಡಾಂಬರು ಹಾಕಿಸುವ ಸೈಟ್ ಎಂಜಿನಿಯರ್ ಅವನು. ಬೂಟಿನ ತುಂಬ ಕರಿ, ಮುಖದ ತುಂಬ ತುಂಟತನ.

"ಹೌದು. ನೀವು ಹಾಕಿದ್ದು ಯಾವಾಗ ಕಿತ್ತುಹೋಗುತ್ತೆ ಅಂತ ಹೇಳೋದೇ ನನ್ನ ಕೆಲಸ."

ರಸ್ತೆ ಇಲಾಖೆಯ ಕಂಪ್ಯೂಟರ್ ವಿಭಾಗದ ಅವಳು ಪರದೆಯಿಂದ ಕಣ್ಣು ಕೀಳದೆ ಹೇಳಿದಳು. ಎದೆ ಮಾತ್ರ ಢವಢವ ಎನ್ನುತ್ತಿತ್ತು...

ಅಲ್ಲಿಂದ ದಿನಾ ಚಹಾ, ದಿನಾ ಜಗಳ. ಅವಳು ಕಂಪ್ಯೂಟರಿನೊಳಗೆ ಸಾವಿರಾರು ಬಸ್ಸು ಓಡಿಸಿ, ಬಿಸಿಲಿಗೆ ಕಾಯಿಸಿ, ಅವನು ಹಾಕಿಸಲಿದ್ದ ಹೊಸ ರಸ್ತೆ ಮೊದಲು ಹಾಳಾಗುವ ಜಾಗ ತೋರಿಸಿದಳು. ನಿಲ್ದಾಣದ ತಿರುವು. ಬಸ್ಸುಗಳು ಬ್ರೇಕ್ ಒತ್ತಿ ನಿಲ್ಲುವ ಕಡೆ ಒಂದೇ ಬೇಸಿಗೆಗೆ ಚಕ್ರದ ಹಳ್ಳ ಬೀಳುತ್ತದೆ, ಅಲ್ಲಿಗೆ ದಪ್ಪ ಜಲ್ಲಿಯ ಗಟ್ಟಿ ಡಾಂಬರು ಮಿಶ್ರಣವೇ ಬೇಕು ಎಂದಳು. ಮುಖ್ಯ ಎಂಜಿನಿಯರ್ ನಕ್ಕು ತಳ್ಳಿಹಾಕಿದರು. ಸಭೆಯಲ್ಲಿದ್ದ ಅವನು ತುಟಿ ಪಿಟಕ್ಕೆನ್ನಲಿಲ್ಲ.

ಅದು ಅವಳಿಗೆ ಚುಚ್ಚಿತು. ಚಹಾ ನಿಂತಿತು. ಜಗಳವೂ ನಿಂತಿತು, ಅದೇ ಹೆಚ್ಚು ನೋವು.

ರಸ್ತೆ ಆಯಿತು, ಬೇಸಿಗೆಯೂ ಕಳೆಯಿತು. ತಿರುವು ಹಾಕಿದ ಹಾಗೇ ಇತ್ತು, ಒಂದು ಹಳ್ಳವೂ ಬಿದ್ದಿರಲಿಲ್ಲ!

ಮುಖ್ಯ ಎಂಜಿನಿಯರ್ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಲೆಕ್ಕ ತಪ್ಪೆಂದು ಎಲ್ಲರೆದುರು ಒಪ್ಪಿಕೋ, ಇಲ್ಲವೇ ನಿನ್ನ ವಿಭಾಗಕ್ಕೆ ಇವತ್ತೇ ಬೀಗ ಎಂದರು. ಅವಳು ತಿರುವಿನ ನಡುವಿಗೆ ಹೋಗಿ ನಿಂತಳು.

"ಒಪ್ಪಲ್ಲ ಸರ್. ನಾನು ತಪ್ಪಿದ್ರೆ ಈ ರಸ್ತೆನೇ ಹೇಳ್ಲಿ. ಒಳಗೇನಿದೆ ಅಂತ ಕೊರೆಸಿ ನೋಡಿ."

ಗುಂಪಿನಲ್ಲಿದ್ದ ಅವನ ಮುಖ ಬಿಳಿಚಿಕೊಂಡಿತು. ಓಹೋ, ಏನೋ ಕಳ್ಳಾಟ ಬಯಲಾಗುತ್ತೆ ಅನ್ನೋ ಭಯ... ಎಂದುಕೊಂಡಳು ಅವಳು.

ತರಿಸಿದ ಕೊರೆಯುವ ಯಂತ್ರ ಗುರ್ರೆನ್ನುತ್ತ ಇಳಿದು, ರಸ್ತೆಯ ಉದ್ದನೆಯ ದುಂಡು ತುಂಡೊಂದನ್ನು ಮೇಲೆತ್ತಿತು. ನೀರು ಹಾಕಿ ಒರೆಸಿ ನೋಡಿದಳು. ದಪ್ಪ ಜಲ್ಲಿ, ಒತ್ತೊತ್ತಾಗಿ. ಉಳಿದ ರಸ್ತೆಗೆ ಹಾಕಿದ್ದಲ್ಲ ಇದು, ಅವಳು ಕೇಳಿದ್ದ ಗಟ್ಟಿ ಮಿಶ್ರಣ!

ಅವನು ಮುಂದೆ ಬಂದ.

"ನಾನೇ ಹಾಕಿಸಿದ್ದು ಸರ್, ಯಾರನ್ನೂ ಕೇಳದೆ. ಅವರ ಲೆಕ್ಕ ನಂಬಿದೆ, ಅದಕ್ಕೇ ಇಲ್ಲಿ ಹಳ್ಳ ಬಿದ್ದಿಲ್ಲ. ಶಿಕ್ಷೆ ನನಗೆ ಕೊಡಿ."

ಮುಖ್ಯ ಎಂಜಿನಿಯರ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ ಅವಳ ಕೈಗೇ ಕೊಟ್ಟರು. ಬೀಗದ ಮಾತೆತ್ತಲಿಲ್ಲ. ನಾಳೆ ಬಂದು ಕಾರಣ ಹೇಳು ಎಂದು ಅವನಿಗೆ ಗದರಿ ಜೀಪು ಹತ್ತಿದರು.

ಅವಳು ಕರಗಿದಳು ಎಂದುಕೊಂಡಿರಾ? ಕೆಂಡವಾಗಿದ್ದಳು.

"ನಂಬಿದ್ದನ್ನ ಬಚ್ಚಿಟ್ಟು ನನ್ನನ್ನೇ ಸುಳ್ಳುಗಾತಿ ಮಾಡಿದ್ರಲ್ಲ. ಆವತ್ತು ಬಾಯಿಗೇನಾಗಿತ್ತು?"

"ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

"ಈಗ?"

"ನೀವೇ ಹೋಗ್ಬಿಟ್ರೆ ಅನ್ನೋ ಹೆದರಿಕೆ ಅದಕ್ಕಿಂತ ದೊಡ್ಡದು. ನಿಮ್ಮನ್ನ ಪ್ರೀತಿಸ್ತೀನಿ..."

"ಗುಟ್ಟಾಗಿ ಪ್ರೀತಿಸೋರು ನನಗೆ ಬೇಡ. ಜೋರಾಗಿ ಹೇಳಿ."

ಅವನು ಜೋರಾಗಿಯೇ ಹೇಳಿದ. ನಿಲ್ದಾಣದಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ದಿನ ತಡೆದಿದ್ದ ಕಣ್ಣೀರು ಆಗ ಇಳಿಯಿತು. ಭಾರವಾದ ಆ ತುಂಡನ್ನು ಅವನ ಕೈಗಿಟ್ಟು, ಕೆನ್ನೆ ಒರೆಸಿಕೊಂಡಳು.

"ನಾಳೆ ಚಹಾಕ್ಕೆ ಬನ್ನಿ. ಜಗಳ ಬಾಕಿ ಇದೆ."

"ಎಷ್ಟು ವರ್ಷಕ್ಕಾಗೋವಷ್ಟು?"

"ಲೆಕ್ಕ ಹಾಕಿ ಹೇಳ್ತೀನಿ," ಎಂದಳು. "ಈ ಸಲನಾದ್ರೂ ಎಲ್ಲರ ಮುಂದೆ ನಂಬಿ."