ಬೋಗಾದಿ ಮನೆಯ ಕುಂಕುಮ

ಬೋಗಾದಿಯ ಮನೆ ನನ್ನ ಮತ್ತು ಹೆಂಡತಿ ಬಿಂದುವಿನ ಹೆಸರಲ್ಲಿ ಜಂಟಿಯಾಗಿದೆ. ಬೇರೆಯಾದ ಮೇಲೆ ಬೀಗ ಹಾಕಿದ್ದೆವು. ಮಾರಿ ಕೈ ತೊಳೆದುಕೊಳ್ಳೋಣವೆಂದು ಮೊನ್ನೆ ಮಧ್ಯಾಹ್ನ, ಕೊಳ್ಳಲು ಬಂದ ಮಂಗಳಮ್ಮನವರಿಗೆ ಬಾಗಿಲು ತೆಗೆದೆ. ಹೊರಗೆ ಸುಡುಬಿಸಿಲು, ಒಳಗೆ ಮೈ ನಡುಗುವಷ್ಟು ತಣ್ಣಗಿತ್ತು. ಅವರೊಬ್ಬರೇ ಅಡುಗೆಮನೆ ನೋಡಿಕೊಂಡು ಬಂದಾಗ ಹಣೆಯ ಮೇಲೆ ಹಸಿ ಕುಂಕುಮವಿತ್ತು.

"ಹಂಗೇ ಕಳಿಸ್ಬಾರ್ದು ಅಂತ ನಿಮ್ಮನೆಯವ್ರು ಇಟ್ರು ಕಣಪ್ಪ. ಪಾಪ, ಅಳ್ತಿದ್ರು, ಕೈ ಮಂಜಿನಂಗೆ ಕೊರೀತಿತ್ತು."

ಒಳಗೆ ಓಡಿದೆ. ಯಾರೂ ಇರಲಿಲ್ಲ. ಹಿಂಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಬಿಂದುಗೆ ಫೋನ್ ಮಾಡಿದೆ.

"ಮಾರೋಕೆ ಇಷ್ಟ ಇಲ್ದಿದ್ರೆ ನೇರ ಹೇಳ್ಬುಡು. ಕದ್ದು ಬಂದು ಕುಂಕುಮ ಇಡೋದ್ಯಾಕೆ?"

"ನಾನು ಇಲವಾಲದಲ್ಲಿ ಅಮ್ಮನ ಹತ್ರ ಇದೀನಿ ಕಣ್ರೀ."

ಅವಳಮ್ಮನ ದನಿಯೂ ಕೇಳಿಸಿತು.  ಆಮೇಲೆ ಬಿಂದು ಮೆಲ್ಲಗೆ ಕೇಳಿದಳು:

"ಅಡುಗೆಮನೆಯವಳು ಇನ್ನೂ ಅಳ್ತಾನೇ ಇದಾಳಾ?"