ಮಗ್ಗದ ಪಕ್ಕದ ಕಾರ್ಡ್‌ಲೆಸ್

"ಅದನ್ನ ಮುಟ್‌ಬ್ಯಾಡ. ಲೈಟು ಮಿಣುಕೋದು ನಿಲ್ಲೋಗಂಟ ಬಿಡು."

ಮೊದಲ ಭೇಟಿಯಲ್ಲೇ ಗದರಿಕೆ! ರಾಜಾತಿಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯಲ್ಲಿ ನಿಂತು ನನಗೇ ಹೇಳ್ತಾನಲ್ಲ, ಇವನ್ಯಾವ ದೊಡ್ಡ ಮನುಷ್ಯ?

ಅವನು ಅರುಣಾಚಲಂ. ಎಡಪ್ಪಾಡಿಯಲ್ಲಿ ಅವಳ ಮನೆಯ ಬೀದಿಯ ತುದಿಯಲ್ಲೇ ಫೋನ್ ರಿಪೇರಿ ಅಂಗಡಿ ಇಟ್ಟಿದ್ದ. ಮಗ್ಗ ಬಿಟ್ಟ ನೇಕಾರರ ಮನೆಯ ಹುಡುಗ. ಅವಳ ಅಪ್ಪ ಮುನುಸ್ವಾಮಿ ಮಗ್ಗಕ್ಕೆ ಕೂತರೆ ಆ ಸದ್ದಿನಲ್ಲಿ ಫೋನು ಬಡಿದುಕೊಂಡರೂ ಕೇಳುತ್ತಿರಲಿಲ್ಲ. ಸೇಲಂನ ಸೀರೆ ವ್ಯಾಪಾರಿಗಳು ಬೇಸತ್ತಿದ್ದರು. ಅದಕ್ಕೇ ಮಗ್ಗದ ಪಕ್ಕದಲ್ಲೇ ಇಟ್ಟುಕೊಳ್ಳಬಹುದಾದ ಈ ಕಾರ್ಡ್‌ಲೆಸ್ ಫೋನು. ೧೯೯೬ರಲ್ಲಿ ಆ ಬೀದಿಗೆ ಅದೇ ಮೊದಲನೆಯದು.

ಹ್ಯಾಂಡ್‌ಸೆಟ್, ಗೋಡೆಯ ಫೋನ್ ಲೈನಿಗೆ ಸೇರಿಸಿದ್ದ ತನ್ನ ಪೆಟ್ಟಿಗೆಗೆ ಹೊಂದಿಕೊಂಡ ಮೇಲೆ ಅವನು ಅದನ್ನು ಹಿಡಿದು ಬೀದಿಗಿಳಿದ. ಪೆಟ್ಟಿಗೆಯ ಬಟನ್ ಒತ್ತಿ ಮಾತಾಡಲು ಅವಳಿಗೆ ಹೇಳಿದ್ದ.

"ಕೇಳ್ತೈತಾ?" ಎಂದಳು.

"ಕೇಳ್ತೈತೆ. ನಿನ್ ಕೋಪನೂ ಕೇಳ್ತೈತೆ."

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಗುಜರಿಗೆ ಬಂದಿದ್ದ ಅಂಥದೇ ಇನ್ನೊಂದು ಹ್ಯಾಂಡ್‌ಸೆಟ್ಟನ್ನು ಅವನು ಗುಟ್ಟಾಗಿ ಅವಳ ಮನೆಯ ಪೆಟ್ಟಿಗೆಗೇ ಹೊಂದಿಸಿ ಅಂಗಡಿಯಲ್ಲಿಟ್ಟುಕೊಂಡ. ಮಧ್ಯಾಹ್ನ ಅಪ್ಪ ಮಗ್ಗದಲ್ಲಿದ್ದಾಗ ಇವಳು ಬಟನ್ ಒತ್ತುವಳು, ಅಲ್ಲಿ ಅವನು ಕಾಯುತ್ತಿರುವನು... ನನ್ನ ಹ್ಯಾಂಡ್‌ಸೆಟ್ ತೆರೆದಿದ್ದರೆ ನಿನ್ನದಕ್ಕೆ ಲೈನ್ ಸಿಗುವುದಿಲ್ಲ ಎಂದು ಅವನು ಎಚ್ಚರಿಸಿದ್ದ. ಪ್ರೀತಿಯ ಗುಂಗಿನಲ್ಲಿ ಯಾರಿಗೆ ಬೇಕಿತ್ತು ಲೈನು! ಹಳೆಯ ವೈರ್ ಫೋನನ್ನೂ ಒಯ್ದುಬಿಡು ಎಂದು ಅವಳೇ ಅವನ ಕೈಗೆ ಕೊಟ್ಟಳು.

ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು.

ಮುನುಸ್ವಾಮಿ ಎದೆ ಹಿಡಿದುಕೊಂಡು ಮಗ್ಗದ ಹಾಸುನೂಲಿನ ಮೇಲೆ ಬಿದ್ದಿದ್ದ. ರಾಜಾತಿ ಹ್ಯಾಂಡ್‌ಸೆಟ್ ಎತ್ತಿದಳು. ಅದರ ದೀಪ ಉರಿಯುತ್ತಿತ್ತು, ಟೋನ್ ಇರಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಅವನು ತೆರೆದಿಟ್ಟು ಕಾಯ್ತಿದಾನೆ... ಇದು ನಮ್ಮ ಹೊತ್ತು!

ಕಿರುಚುತ್ತಾ ಬೀದಿಗೆ ಓಡಿದಳು. ಪಕ್ಕದ ಪವರ್‌ಲೂಮ್ ಶೆಡ್ಡಿನಿಂದ ಪೊನ್ನುಸ್ವಾಮಿ ಬಂದ, ಹೇಗೋ ಆಟೋ ತಂದ. ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು.

ಸಾವಿನ ಮನೆಗೆ ಬಂದ ಅರುಣಾಚಲಂನನ್ನು ಅವಳು ಕೇಳಿದ್ದು ಒಂದೇ: ಆ ಹೊತ್ತಿನಲ್ಲಿ ಅದು ನಿನ್ನ ಕೈಯಲ್ಲಿತ್ತಾ?

"ಇತ್ತು. ಅಂಗಡಿ ಮುಂದಿನ ಬೇವಿನ ಮರದಡಿ ಕಾಯ್ತಾ ಕೂತಿದ್ದೆ," ಎಂದ. ಅವನಿಗೆ ಸುಳ್ಳು ಹೇಳಲು ಬರಲಿಲ್ಲ.

"ಅಂಗಾದ್ರೆ ನೀನೇ ಕೊಂದೆ. ಇನ್ನೊಂದ್ಸಲ ಮುಖ ತೋರಿಸ್‌ಬ್ಯಾಡ."

ಅವನೂ ಅದನ್ನೇ ನಂಬಿದ. ಅಂಗಡಿ ಖಾಲಿ ಮಾಡತೊಡಗಿದ; ಮುನುಸ್ವಾಮಿಯ ಕಾರ್ಯದ ದಿನ ಮೊರಪ್ಪೂರಿನ ಸೋದರತ್ತೆಯ ಮನೆಗೆ ಬಸ್ಸು ಹತ್ತುತ್ತಾನೆಂದು ಬೀದಿಗೆಲ್ಲ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಪೊನ್ನುಸ್ವಾಮಿಯ ಹೆಂಡತಿ ಕಲೈವಾಣಿ ತರಕಾರಿ ಹೆಚ್ಚುತ್ತಾ ಅಂದಳು: "ಅವತ್ತು ಕರೆಂಟು ಓಗಿ ನಮ್ ಪವರ್‌ಲೂಮ್ ನಿಂತಿತ್ತಮ್ಮಾ. ಇಲ್ಲಾಂದ್ರೆ ನಿನ್ ಕೂಗು ನಮ್ಗೆಲ್ಲಿ ಕೇಳ್ತಿತ್ತು?"

ಕೈಮಗ್ಗದ ಮನೆಗೆ ಹಗಲು ಹೊತ್ತು ಕರೆಂಟು ಇದ್ದರೇನು, ಹೋದರೇನು? ಕಾಲಲ್ಲಿ ತುಳಿದರೆ ಮಗ್ಗ ನಡೆಯುತ್ತದೆ. ರಾಜಾತಿ ಅಂದು ಗಮನಿಸಿಯೇ ಇರಲಿಲ್ಲ.

ಎದ್ದು ಹೋಗಿ ಪೆಟ್ಟಿಗೆಯ ಕರೆಂಟಿನ ಪ್ಲಗ್ ಕಿತ್ತಳು. ಹ್ಯಾಂಡ್‌ಸೆಟ್ ಎತ್ತಿದಳು. ಒಳಗಿನ ಬ್ಯಾಟರಿಯಿಂದ ದೀಪ ಉರಿಯಿತು. ಟೋನ್ ಇರಲಿಲ್ಲ. ಅವನು ಹಿಡಿದಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ... ಅಯ್ಯೋ, ಎಂಥಾ ಮಾತಾಡಿಬಿಟ್ಟೆ!

ಬಸ್ ಸ್ಟ್ಯಾಂಡಿನಲ್ಲಿ ಅವನು ಚೀಲ ತೊಡೆಯ ಮೇಲಿಟ್ಟು ಕೂತಿದ್ದ. ಅವಳು ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ಅವನ ಮುಖ ಮಾತ್ರ ಅರಳಲಿಲ್ಲ.

"ಕರೆಂಟಿಲ್ದೆ ಅದು ಸತ್ತಂಗೇ ಅಂತ ನಾನು ನಿಂಗೆ ಏಳ್ಬೇಕಿತ್ತು. ಕರೆಂಟಿಲ್ದೇನೂ ನಡೆಯೋ ಹಳೇ ಫೋನ್ ತಗೊಂಡೋಗಿದ್ದೂ ನಾನೇ."

"ಕೊಟ್ಟಿದ್ದು ನಾನು."

ಇಬ್ಬರೂ ಅತ್ತರು. ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ. ಅವನು ಏಳಲಿಲ್ಲ.

"ಅಪ್ಪನ ಸೀರೆ ಮಗ್ಗದಲ್ಲೇ ಅರ್ಧಕ್ಕೆ ನಿಂತೈತೆ," ಎಂದಳು ಕಣ್ಣೊರೆಸಿಕೊಂಡು. "ಒಬ್ಳೇ ಆ ಜಾಗದಲ್ಲಿ ಕೂರಕ್ಕೆ ನಂಗೆ ಭಯ."

"ನಂಗೆ ನೇಯಕ್ಕೆ ಬರಲ್ಲ ರಾಜಾತಿ."

"ನೇಯ್‌ಬ್ಯಾಡ. ಪಕ್ಕದಲ್ಲಿ ಕೂತ್ಕೋ."